ತಲೆಗೆ ಎರೆದುಕೊಂಡ ದಿನ, ಉಪವಾಸದ ದಿನ ತಲೆನೋವು: ಸೈನಸ್ಸೋ, ಮೈಗ್ರೇನೋ?

ಪ್ರಶ್ನೆ: ಅರಸೀಕೆರೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 38. ಪಿಯುಸಿ ಓದುವಾಗಿನಿಂದಲೂ ಆಗಾಗ ತಲೆನೋವು ಬರುತ್ತಿತ್ತು. ಕಳೆದ ವರ್ಷದಿಂದ ಅದು ಬಿಟ್ಟೂಬಿಡದೆ ಕಾಡುತ್ತಿದೆ.

ಶುಕ್ರವಾರ ತಲೆಗೆ ಎರೆದುಕೊಂಡು, ಕೂದಲು ಆರುವ ಮೊದಲೇ ಜಡೆ ಹೆಣೆದು ಬಸ್ಸಿಗೆ ಓಡುತ್ತೇನೆ. ಎರಡನೇ ಪಿರಿಯಡ್ ಮುಗಿಯುವಷ್ಟರಲ್ಲಿ ಬಲಗಣ್ಣಿನ ಮೇಲೆ ಸಣ್ಣಗೆ ಶುರುವಾಗುತ್ತದೆ. ಬಿಸಿಯೂಟದ ಹೊತ್ತಿಗೆ ಸಾಂಬಾರಿನ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮಕ್ಕಳು ಮಗ್ಗಿ ಹೇಳುವ ಸದ್ದನ್ನು ಸಹಿಸಲಾಗುವುದಿಲ್ಲ, ಕಿಟಕಿಯ ಬೆಳಕಿನತ್ತ ನೋಡಲಾಗುವುದಿಲ್ಲ, ಕಣತಲೆ ಪಟಪಟ ಹೊಡೆದುಕೊಳ್ಳುತ್ತದೆ. ಮನೆಗೆ ಬಂದು ವಾಂತಿ ಮಾಡಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದರೆ ಮರುದಿನ ಬೆಳಗ್ಗೆ ಬಿಡುತ್ತದೆ. ಸಂಕಷ್ಟಿಯ ದಿನವೂ ಹೀಗೆಯೇ. ಚಂದ್ರೋದಯದವರೆಗೆ ಉಪವಾಸವಿರುವುದು ಅತ್ತೆಯವರಿಂದ ಬಂದ ರೂಢಿ. ಪೂಜೆಯ ಹೊತ್ತಿಗೆ ನಾನು ಹಾಸಿಗೆ ಹಿಡಿದಿರುತ್ತೇನೆ.

ಉಳಿದ ದಿನಗಳಲ್ಲೂ ಏಳುವಾಗಲೇ ತಲೆಯೆಲ್ಲ ಭಾರ. ಕಾಫಿಯ ಜೊತೆ ಒಂದು ತಲೆನೋವಿನ ಮಾತ್ರೆ ನುಂಗಿದರೆ ಶಾಲೆಗೆ ಹೋಗುವ ಮಟ್ಟಿಗೆ ಸುಧಾರಿಸುತ್ತದೆ.

ಪಕ್ಕದ ಮನೆಯವರು ಇದು ಸೈನಸ್ ಎನ್ನುತ್ತಾರೆ. ಒಂದು ಕಡೆ ಮುಖದ ಎಕ್ಸ್‌ರೇ ತೆಗೆಸಿ ಆಂಟಿಬಯೋಟಿಕ್ ಕೊಟ್ಟರು, ಗುಣ ಕಾಣಲಿಲ್ಲ. ಕಣ್ಣಿನ ಪರೀಕ್ಷೆಯಾಯಿತು, ಕನ್ನಡಕದ ನಂಬರ್ ಬದಲಾಗಿಲ್ಲ. ತಲೆಗೆ ನೀರು ಹಾಕಿಕೊಳ್ಳುವುದನ್ನೇ ಬಿಡು ಎಂದು ಅತ್ತೆ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ ಎಂಆರ್‌ಐ ಮಾಡಿಸಲೇಬೇಕು ಎಂದು ಹಟ ಹಿಡಿದಿದ್ದಾನೆ. ಇದು ಯಾವ ತಲೆನೋವು? ಯಾರಿಗೆ ತೋರಿಸಬೇಕು? ದಿನವೂ ಮಾತ್ರೆ ನುಂಗಿದರೆ ತೊಂದರೆಯಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ತಿಪಟೂರಿನ ಓದುಗ

ಮೇಡಂ, ನನ್ನದೂ ವರ್ಷಗಟ್ಟಲೆ ‘ಸೈನಸ್’ ಆಗಿತ್ತು. ಕೊನೆಗೆ ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರು ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿ, ಇಲ್ಲಿ ಏನೂ ಇಲ್ಲ, ನರರೋಗ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಈಗ ಮೈಗ್ರೇನ್‌ಗೆ ಚಿಕಿತ್ಸೆ ನಡೆಯುತ್ತಿದೆ, ಎಷ್ಟೋ ಪಾಲು ಮೇಲು. ಮೊದಲು ಮೂಗಿನ ಸಂದೇಹವನ್ನು ಬಗೆಹರಿಸಿಕೊಳ್ಳಿ.

ಉತ್ತರ: ಸಾಗರದ ಔಷಧಿ ಅಂಗಡಿ

ಮೇಡಂ, ನಾನು ಫಾರ್ಮಸಿಸ್ಟ್. ಅಪ್ಪ ಆರಂಭಿಸಿದ ಔಷಧಿ ಅಂಗಡಿಯನ್ನು ಸಾಗರದಲ್ಲಿ ನಡೆಸುತ್ತಿದ್ದೇನೆ. ವೈದ್ಯೆಯಲ್ಲ, ರೋಗ ಇಂಥದ್ದೇ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ತಲೆನೋವಿನವರು ಆಸ್ಪತ್ರೆಗಿಂತ ಮೊದಲು ಬರುವುದು ನಮ್ಮ ಕೌಂಟರಿಗೆ. ಯಾರು ವಾರಕ್ಕೆ ಎಷ್ಟು ಶೀಟ್ ಒಯ್ಯುತ್ತಾರೆ ಎಂಬುದು ಅವರ ಮನೆಯವರಿಗಿಂತ ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಕಳಕಳಿಯಿಂದಲೇ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಬರೆದದ್ದನ್ನು ಓದಿದರೆ ನಿಮ್ಮನ್ನು ಎರಡು ತಲೆನೋವುಗಳು ಕಾಡುತ್ತಿರುವಂತಿದೆ. ಶುಕ್ರವಾರ ಮತ್ತು ಸಂಕಷ್ಟಿಯ ದಿನದ್ದು ಒಂದು, ದಿನಬೆಳಗಿನ ಭಾರ ಇನ್ನೊಂದು. ನಿಮ್ಮ ಮನೆಯವರಿಗೆ ಮೊದಲನೆಯದರ ಚಿಂತೆ, ನನಗೆ ಎರಡನೆಯದರ ಚಿಂತೆ.

ನೋವು ಎಲ್ಲಿ ಎಂದು ಕೇಳಿದರೆ ಬಾಯಿಗಿಂತ ಮೊದಲು ಕೈ ಹೇಳುತ್ತದೆ. ಹೆಚ್ಚಿನವರು ಎರಡೂ ಕೈಯ ಬೆರಳುಗಳನ್ನು ಹಣೆಯ ನಡುವಿನಿಂದ ಕಿವಿಯ ಮೇಲಾಗಿ ಹಿಂದಲೆಯವರೆಗೆ ಎಳೆದು, ಬಟ್ಟೆ ಬಿಗಿದು ಕಟ್ಟಿದ ಹಾಗಿದೆ ಎನ್ನುತ್ತಾರೆ. ಹಾಗೆನ್ನುತ್ತಲೇ ಪಕ್ಕದಲ್ಲಿ ನಿಂತವರ ಜೊತೆ ಅಡಿಕೆ ಧಾರಣೆಯ ಮಾತೂ ಆಡುತ್ತಾರೆ. ಇದು ಟೆನ್ಷನ್ ತಲೆನೋವಿನ ಲಕ್ಷಣ. ಎರಡೂ ಬದಿಗೆ ಇರುತ್ತದೆ, ವಾಂತಿಯಾಗುವುದಿಲ್ಲ, ಮೆಟ್ಟಿಲು ಹತ್ತಿದರೆ ಹೆಚ್ಚುವುದಿಲ್ಲ. ಅರ್ಧ ಗಂಟೆಯಲ್ಲಿ ಹೋಗಬಹುದು, 7 ದಿನ ಎಳೆಯಲೂಬಹುದು. ಮೈಗ್ರೇನ್‌ನವರ ಭಂಗಿಯೇ ಬೇರೆ. ಒಂದು ಅಂಗೈಯಿಂದ ಒಂದೇ ಕಣ್ಣನ್ನು ಒತ್ತಿ ಹಿಡಿದು, ಟ್ಯೂಬ್‌ಲೈಟಿಗೆ ಬೆನ್ನು ಮಾಡಿ ನಿಂತು, ಪಿಸುದನಿಯಲ್ಲಿ ಮಾತ್ರೆ ಕೇಳುತ್ತಾರೆ. ಬೆಳಗಿನ ಪೂಜೆಗೆ ಹಚ್ಚಿದ ಊದುಬತ್ತಿಯನ್ನು ಒಳಗಿಡಲು ಸಾಧ್ಯವೇ ಎಂದು ಕೇಳಿದವರಿದ್ದಾರೆ. ಚಿಕಿತ್ಸೆಯಿಲ್ಲದಿದ್ದರೆ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ಒಂದು ಬದಿಗೆ ಮಿಡಿಯುತ್ತದೆ, ನಡೆದಾಡಿದರೆ ಹೆಚ್ಚುತ್ತದೆ, ವಾಕರಿಕೆ ಬರುತ್ತದೆ, ಬೆಳಕು-ಸದ್ದು ಆಗುವುದಿಲ್ಲ. ನಿಮ್ಮ ಶುಕ್ರವಾರ ಅದಕ್ಕೆ ಸರಿಯಾಗಿ ಹೊಂದುತ್ತದೆ.

ತಲೆಗೆ ಎರೆದುಕೊಂಡರೆ ತಲೆನೋವು ಬರುವುದು ನಿಮ್ಮ ಅತ್ತೆಯವರ ಮೂಢನಂಬಿಕೆಯಲ್ಲ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಹಾಗೆಂದು ಸ್ನಾನ ಬಿಡಬೇಕಿಲ್ಲ. ರಜೆಯ ದಿನ, ತಿಂಡಿ ತಿಂದಾದ ಮೇಲೆ ಎರೆದುಕೊಂಡು, ಕೂದಲನ್ನು ಪೂರ್ತಿ ಆರಿಸಿ ನೋಡಿ. ನಿಮ್ಮ ಶುಕ್ರವಾರದಲ್ಲಿ ಒದ್ದೆ ಕೂದಲಿನ ಜೊತೆಗೆ ಬೇಗ ಎದ್ದ ನಿದ್ದೆಗೇಡು, ಅವಸರದ ಅರೆಹೊಟ್ಟೆ, ಬಸ್ ಕಿಟಕಿಯ ಬಿಸಿಲು ಎಲ್ಲವೂ ಸೇರಿಕೊಂಡಿವೆ. ಮೈಗ್ರೇನ್ ಇರುವವರಿಗೆ ಒಂದೊಂದೇ ಕಾರಣ ಬಂದಾಗ ತಡೆದುಕೊಳ್ಳುವ ಶಕ್ತಿ ಇರುತ್ತದೆ, ಎಲ್ಲವೂ ಒಟ್ಟಿಗೆ ಬಿದ್ದ ದಿನ ಇರುವುದಿಲ್ಲ. ಹೊತ್ತು ಮೀರಿ ಹಸಿದಿರುವುದಂತೂ ದೊಡ್ಡ ಕಾರಣ. ವ್ರತವನ್ನು ಬಿಡಿ ಎಂದು ನಾನು ಹೇಳಲಾರೆ. ಹಣ್ಣು, ಹಾಲು, ಅವಲಕ್ಕಿಯ ಫಲಾಹಾರಕ್ಕೆ ಎಷ್ಟೋ ಮನೆಗಳಲ್ಲಿ ಅವಕಾಶವಿದೆ. ಅತ್ತೆಯವರ ಜೊತೆ ಕುಳಿತು ಮಾತನಾಡಿ. ನೀರನ್ನಂತೂ ಬಿಡಬೇಡಿ.

ಸೈನಸ್ ವಿಷಯ. ನಿಜವಾದ ಸೈನಸ್ ಸೋಂಕಿನಲ್ಲಿ ಮೂಗಿನಿಂದ ಗಟ್ಟಿಯಾದ ಹಳದಿ ಅಥವಾ ಹಸಿರು ಸಿಂಬಳ ಬರುತ್ತದೆ, ಮೂಗು ಕಟ್ಟುತ್ತದೆ, ವಾಸನೆ ತಿಳಿಯುವುದಿಲ್ಲ, ಜ್ವರವೂ ಇರಬಹುದು. ಒಗ್ಗರಣೆಯ ವಾಸನೆ ನಿಮಗೆ ಅತಿಯಾಗಿ ತಿಳಿಯುತ್ತಿದೆ, ಗಮನಿಸಿ. ಮೈಗ್ರೇನ್‌ನಲ್ಲಿಯೂ ಕಣ್ಣು-ಮೂಗಿನಲ್ಲಿ ನೀರು ಸುರಿಯಬಹುದು, ಅದರಿಂದಲೇ ಗೊಂದಲ. ಅಮೆರಿಕದಲ್ಲಿ ಸೈನಸ್ ತಲೆನೋವು ಎಂದುಕೊಂಡಿದ್ದ 2,991 ಮಂದಿಯನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 88ರಷ್ಟು ಮಂದಿಗೆ ಇದ್ದದ್ದು ಮೈಗ್ರೇನ್ ಮಾದರಿಯ ನೋವು. ನಮ್ಮಲ್ಲೂ ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮನೆಬಾಗಿಲಲ್ಲಿ ಮಾತನಾಡಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ಶೇ 63.9, ಮೈಗ್ರೇನ್ ಇದ್ದವರು ಶೇ 25.2. ನಾಲ್ವರಲ್ಲಿ ಒಬ್ಬರು! ಇಷ್ಟು ಜನರ ಕಾಯಿಲೆಯನ್ನು ‘ತಲೆನೋವು ತಾನೇ’ ಎಂದು ತಳ್ಳಿಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಆ ಎರಡನೇ ನೋವು. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಗಳನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ. ಕೆಫೀನ್ ಮತ್ತಿತರ ಔಷಧಿ ಬೆರೆತ ತಲೆನೋವಿನ ಮಾತ್ರೆ, ಮೈಗ್ರೇನ್‌ಗೆ ಕೊಡುವ ಎರ್ಗೋಟಮಿನ್, ಟ್ರಿಪ್ಟಾನ್ ಔಷಧಿಗಳಾದರೆ 10 ಅಥವಾ ಹೆಚ್ಚು ದಿನ. ಹೀಗೆ ಮೂರು ತಿಂಗಳು ಮೀರಿ ನಡೆದರೆ ಮಾತ್ರೆಯೇ ತಲೆನೋವನ್ನು ತರತೊಡಗುತ್ತದೆ. ಬೆಳಗ್ಗೆ ಏಳುವಾಗಲೇ ಭಾರ, ಮಾತ್ರೆ ನುಂಗಿದರೆ ಕೆಲವು ಗಂಟೆ ಹಗುರ, ಮತ್ತೆ ಭಾರ. ನೋವಿದೆಯೆಂದು ಮಾತ್ರೆ, ಮಾತ್ರೆಯಿಂದ ನೋವು. ಮೈಗ್ರೇನ್ ಇರುವವರೇ ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಮಾತ್ರೆ ನುಂಗಿದಿರಿ ಎನ್ನುವುದಲ್ಲ, ಎಷ್ಟು ದಿನ ನುಂಗಿದಿರಿ ಎನ್ನುವುದು. ಒಂದೇ ದಿನ ಎರಡು ನುಂಗಿದರೂ ಅದು ಒಂದು ದಿನ. ದಿನಕ್ಕೆ ಅರ್ಧರ್ಧ ನುಂಗಿದರೆ ತಿಂಗಳಿಡೀ ಲೆಕ್ಕಕ್ಕೆ ಬಂತು. ನಮ್ಮ ಅಂಗಡಿಯಲ್ಲಿ ತಲೆನೋವಿನ ಮಾತ್ರೆಯನ್ನು ಪದೇ ಪದೇ ಒಯ್ಯುವವರಿಗೆ ಒಂದು ಚಿಕ್ಕ ಕ್ಯಾಲೆಂಡರ್ ಕೊಟ್ಟು, ನುಂಗಿದ ದಿನಕ್ಕೆ ಸುತ್ತು ಹಾಕಲು ಹೇಳುತ್ತೇನೆ. ಸುತ್ತುಗಳನ್ನು ನೋಡಿ ಅವರೇ ಬೆಚ್ಚಿಬೀಳುತ್ತಾರೆ. ನಿಮ್ಮ ಕಳೆದ ತಿಂಗಳನ್ನು ನೆನಪಿಸಿಕೊಂಡು ಬರೆಯಿರಿ, ಮಾತ್ರೆಯ ಶೀಟಿನ ಹಿಂದೆ ಏನೇನು ಬೆರೆತಿದೆ ಎಂದು ಮುದ್ರಿಸಿರುವುದನ್ನೂ ಓದಿ ಹೇಳಿ.

ಮೈಗ್ರೇನ್ ದಿನದ ಮಾತ್ರೆ ಬೇರೆ ವಿಷಯ. ಅದನ್ನು ನೋವು ಸಣ್ಣಗಿರುವಾಗಲೇ, ವೈದ್ಯರು ಹೇಳಿದ ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಮೈಗ್ರೇನ್ ಏರಿದ ಮೇಲೆ ಜಠರವೂ ನಿಧಾನವಾಗುತ್ತದೆ. ನುಂಗಿದ್ದು ಅಲ್ಲಿಯೇ ಉಳಿಯುತ್ತದೆ ಅಥವಾ ವಾಂತಿಯಾಗಿ ಹೋಗುತ್ತದೆ. ಅದಕ್ಕೇ ವೈದ್ಯರು ವಾಂತಿ ತಡೆಯುವ ಮಾತ್ರೆಯನ್ನೂ ಜೊತೆಗೆ ಬರೆಯುತ್ತಾರೆ. ಇದಕ್ಕೂ ಬಗ್ಗದಿದ್ದರೆ ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಇವೆ. ಇವು ಹೃದಯದ ಕಾಯಿಲೆ ಇರುವವರಿಗೆ ಆಗುವುದಿಲ್ಲ, ಚೀಟಿಯಿಲ್ಲದೆ ಕೇಳಬೇಡಿ.

ಮೇಲಿಂದ ಮೇಲೆ ಬರುವವರಿಗೆ ನೋವು ಬಾರದಂತೆ ದಿನವೂ ತೆಗೆದುಕೊಳ್ಳುವ ಔಷಧಿಗಳಿವೆ. ಪ್ರೊಪ್ರನಲಾಲ್ ಅಸ್ತಮಾ ಇರುವವರಿಗೆ ಕೂಡದು. ಫ್ಲುನಾರಿಜಿನ್‌ನಿಂದ ತೂಕ ಏರಬಹುದು, ಮನಸ್ಸು ಕುಗ್ಗಬಹುದು. ಅಮಿಟ್ರಿಪ್ಟಿಲಿನ್ ರಾತ್ರಿ ಸಣ್ಣ ಪ್ರಮಾಣದಲ್ಲಿ ಕೊಡುವಂಥದ್ದು. ವಾಲ್ಪ್ರೊಯೇಟ್, ಟೋಪಿರಮೇಟ್ ಎರಡೂ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವಂಥವು, ಮಗು ಆಗಬಹುದಾದ ವಯಸ್ಸಿನವರು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು. ಯಾವುದೇ ಆದರೂ ಗುಣ ತೋರಿಸಲು ಒಂದೆರಡು ತಿಂಗಳು ಬೇಕು. ಹದಿನೈದು ದಿನಕ್ಕೇ ‘ಹಿಡಿಯಲಿಲ್ಲ’ ಎಂದು ಬಿಟ್ಟುಬಿಡುವವರನ್ನು ದಿನವೂ ನೋಡುತ್ತೇನೆ.

ಸ್ಕ್ಯಾನ್ ಬೇಕೇ ಎನ್ನುವುದನ್ನು ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಪಿಯುಸಿಯಿಂದ ಒಂದೇ ರೀತಿಯಲ್ಲಿ ಬರುತ್ತಿರುವ, ಪರೀಕ್ಷೆಯಲ್ಲಿ ನರಗಳ ದೋಷ ಕಾಣದ ಮೈಗ್ರೇನ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತುತ್ತತುದಿಗೆ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಒಂದು ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು: ಇವು ಕಂಡರೆ ಅಂದೇ ಆಸ್ಪತ್ರೆಗೆ. 50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ತಲೆ ಬಾಚುವಾಗ ನೆತ್ತಿ ನೋಯುತ್ತಿದ್ದರೆ, ಊಟ ಅಗಿಯುವಾಗ ದವಡೆ ಸೋಲುತ್ತಿದ್ದರೆ ತಡಮಾಡಲೇಬಾರದು. ಅದು ರಕ್ತನಾಳದ ಉರಿಯೂತವಾಗಿದ್ದರೆ ಕಣ್ಣೇ ಹೋಗಬಹುದು. ನಮ್ಮ ಕಡೆಯ ಓದುಗರಿಗೆ ಇನ್ನೊಂದು ಮಾತು. ಬೇಸಿಗೆಯ ಮುಂಚಿನಿಂದ ಮಳೆ ಹಿಡಿಯುವವರೆಗೆ ಕಾಡಿಗೆ, ತೋಟಕ್ಕೆ ಹೋಗಿ ಬಂದವರಿಗೆ ಜೋರು ಜ್ವರ-ತಲೆನೋವು ಬಂದರೆ ಮಾತ್ರೆ ಕೇಳಲು ನನ್ನಲ್ಲಿಗೆ ಬರಬೇಡಿ, ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಅದರಲ್ಲಾಗಲಿ, ಡೆಂಗಿಯಲ್ಲಾಗಲಿ ಐಬುಪ್ರೊಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಉತ್ತರ: ಹುಬ್ಬಳ್ಳಿಯ ಚಾಲಕ

ಸಾಗರದ ಅಕ್ಕನವರು ಹೇಳಿದ ಎರಡೂ ರೀತಿಗೆ ಸೇರದ ಒಂದು ನೋವು ನನಗಿದೆ. ಕ್ಲಸ್ಟರ್ ತಲೆನೋವು. ಮಲಗಿದ ಒಂದೆರಡು ಗಂಟೆಗೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಬ್ಬಿಸುತ್ತದೆ. ಎಡಗಣ್ಣಿನ ಹಿಂದೆ ಕಾಸಿದ ಕಬ್ಬಿಣ ಚುಚ್ಚಿದಂಥ ನೋವು. ಆ ಕಣ್ಣಿನಲ್ಲಿ, ಆ ಬದಿಯ ಮೂಗಿನಲ್ಲಿ ಮಾತ್ರ ನೀರು ಸುರಿಯುತ್ತದೆ, ರೆಪ್ಪೆ ಜೋತುಬೀಳುತ್ತದೆ. ಮಲಗಲಾಗುವುದಿಲ್ಲ, ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿರುತ್ತೇನೆ. ಗಂಟೆಯೊಳಗೆ ನಿಲ್ಲುತ್ತದೆ. ಕೆಲವು ವಾರ ದಿನವೂ ಕಾಡಿ, ಆಮೇಲೆ ತಿಂಗಳುಗಟ್ಟಲೆ ಸುಳಿವೇ ಇರುವುದಿಲ್ಲ. ಹಲ್ಲಿನ ನೋವೆಂದು ಒಳ್ಳೆಯ ದವಡೆ ಹಲ್ಲೊಂದನ್ನು ಕಿತ್ತರು, ಪ್ರಯೋಜನವಾಗಲಿಲ್ಲ.

ನರರೋಗ ತಜ್ಞರು ನೋಡಿದ ಮೇಲೆಯೇ ಹೆಸರು ತಿಳಿದದ್ದು. ಸಾಮಾನ್ಯ ನೋವಿನ ಗುಳಿಗೆ ಕೆಲಸಕ್ಕೆ ಬರುವ ಮುಂಚೆ ನೋವೇ ಮುಗಿದಿರುತ್ತದೆ. ಮುಖವಾಡ ಹಾಕಿ ನಿಮಿಷಕ್ಕೆ 12ರಿಂದ 15 ಲೀಟರ್‌ನಂತೆ ಶುದ್ಧ ಆಮ್ಲಜನಕ ಕೊಟ್ಟರೆ ಕಾಲು ಗಂಟೆಯಲ್ಲಿ ಇಳಿಯುತ್ತದೆ. ನೋವಿನ ಸರದಿ ಶುರುವಾದಾಗ ಅದು ಮತ್ತೆ ಮತ್ತೆ ಬಾರದಂತೆ ವೆರಪಮಿಲ್ ಗುಳಿಗೆ, ಅದಕ್ಕೆ ಆಗಾಗ ಇಸಿಜಿ ಮಾಡಿಸಬೇಕು. ಆ ವಾರಗಳಲ್ಲಿ ಮದ್ಯ ಒಂದು ಗುಟುಕೂ ಆಗುವುದಿಲ್ಲ. ರಾತ್ರಿ ಹೀಗೆ ಎದ್ದು ಓಡಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಹಲ್ಲು ಕೀಳಿಸುವ ಮುನ್ನ ನರರೋಗ ತಜ್ಞರಿಗೆ ತೋರಿಸಿ.

ಉತ್ತರ: ರಾಯಚೂರಿನ ದಾದಿ

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ಬಾಣಂತಿಗೆ ತಲೆನೋವು ಬಂದರೆ ಶೀತ, ಗಾಳಿ ಎಂದು ತಲೆಗೆ ಬಟ್ಟೆ ಕಟ್ಟಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ, ನೀರೂ ಕಡಿಮೆಯಾದರೆ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ದಿನೇ ದಿನೇ ಏರುವ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಇದರ ಲಕ್ಷಣ. ಬೇಗ ಬಂದರೆ ಉಳಿಸಿಕೊಳ್ಳಬಹುದು. ಗರ್ಭಿಣಿಗೆ 20 ವಾರ ದಾಟಿದ ಮೇಲೆ ಜೋರು ತಲೆನೋವು ಬಂದರೆ ಮೊದಲು ಬಿಪಿ ನೋಡಿಸಿ. ಹೆರಿಗೆಯಾದ ಮೇಲೂ ಕೆಲವು ವಾರ ಬಿಪಿ ಏರಬಹುದು. ಬೆನ್ನಿಗೆ ಸೂಜಿ ಹಾಕಿ ಸಿಸೇರಿಯನ್ ಆದವರಿಗೆ ಕುಳಿತರೆ ನೋವು, ಮಲಗಿದರೆ ಇಲ್ಲ ಎನ್ನುವಂತಿದ್ದರೆ ಅದು ಬೇರೆ, ಅದಕ್ಕೂ ಚಿಕಿತ್ಸೆಯಿದೆ, ಅರಿವಳಿಕೆ ಕೊಟ್ಟ ವೈದ್ಯರಿಗೆ ತಿಳಿಸಿ. ಅಮ್ಮ, ಅತ್ತೆಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಬಾಣಂತಿಗೆ ಹೊಟ್ಟೆ ತುಂಬ ನೀರು ಕೊಡಿ.

ಪ್ರಶ್ನೆ ಕೇಳಿದವರು: ಅರಸೀಕೆರೆಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಸಾಗರದ ಮೇಡಂ, ಲೆಕ್ಕ ಹಾಕಿದೆ. ತಿಂಗಳಲ್ಲಿ ಮಾತ್ರೆಯಿಲ್ಲದ ದಿನಗಳು ಬೆರಳೆಣಿಕೆಯಷ್ಟು. ಶೀಟಿನ ಹಿಂದೆ ಪ್ಯಾರಸಿಟಮಾಲ್ ಜೊತೆ ಕೆಫೀನ್ ಮತ್ತು ಇನ್ನೊಂದು ಔಷಧಿಯ ಹೆಸರಿದೆ. ಇವತ್ತಿನಿಂದಲೇ ನಿಲ್ಲಿಸಿಬಿಡಲೇ?

ಇನ್ನೊಂದು ವಿಷಯ ಕೇಳಬೇಕಿತ್ತು. ಕೆಲವು ಸಲ ನೋವಿಗೆ ಮೊದಲು, ಕಪ್ಪು ಹಲಗೆಯ ಮೇಲೆ ನಾನೇ ಬರೆದ ಪದದ ನಡುವಿನ ಅಕ್ಷರಗಳು ಕಾಣುವುದಿಲ್ಲ. ಆ ಜಾಗದ ಸುತ್ತ ಮಿನುಗುವ ಅಂಕುಡೊಂಕು ಗೆರೆಗಳು ನಿಧಾನವಾಗಿ ಹರಡಿ, ಅರ್ಧ ಗಂಟೆಯಲ್ಲಿ ಮಾಯವಾಗುತ್ತವೆ. ಕಣ್ಣಿನ ದೋಷ ಎಂದುಕೊಂಡಿದ್ದೆ. ಮುಟ್ಟು ಸರಿಯಾಗಿ ಆಗುವುದಿಲ್ಲವೆಂದು ಕಳೆದ ವರ್ಷದಿಂದ ಹಾರ್ಮೋನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಸಾಗರದ ಔಷಧಿ ಅಂಗಡಿ

ಮೇಡಂ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿಕೊಳ್ಳಬೇಕು.

ಹಲಗೆಯ ಮೇಲೆ ನಿಮಗೆ ಕಾಣುವುದು ಮೈಗ್ರೇನ್‌ನ ಮುನ್ಸೂಚನೆಯಂತಿದೆ, ವೈದ್ಯರು ಔರಾ ಎನ್ನುತ್ತಾರೆ. 5ರಿಂದ 60 ನಿಮಿಷ ಇದ್ದು ಹೋಗುತ್ತದೆ. ಔರಾ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸ್ವಲ್ಪ ಹೆಚ್ಚು. ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆ ಸೇರಿದರೆ ಅದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಔರಾ ಇರುವವರಿಗೆ ಈಸ್ಟ್ರೋಜನ್ ಬೆರೆತ ಮಾತ್ರೆ ಕೊಡುವುದಿಲ್ಲ. ಆ ಮಾತ್ರೆಯ ಶೀಟಿನ ಮೇಲೆ ಎಥಿನೈಲ್ ಈಸ್ಟ್ರಡಯಾಲ್ ಎಂದಿದೆಯೇ ನೋಡಿ. ಇದ್ದರೆ ಅದನ್ನು ಬರೆದುಕೊಟ್ಟ ಸ್ತ್ರೀರೋಗ ತಜ್ಞರಿಗೆ ನಾಳೆಯೇ ಫೋನ್ ಮಾಡಿ ಔರಾ ವಿಷಯ ತಿಳಿಸಿ, ಮುಂದುವರಿಸಬೇಕೇ ಎಂದು ಕೇಳಿ. ಈಸ್ಟ್ರೋಜನ್ ಇಲ್ಲದ ಬೇರೆ ಔಷಧಿಗಳಿವೆ. ಕಳೆದ ವರ್ಷವೇ ತಲೆನೋವೂ ಹೆಚ್ಚಾಯಿತು ಎಂದು ಬರೆದಿದ್ದೀರಿ, ಅದನ್ನೂ ಹೇಳಿ. ಕಣ್ಣಿನ ಗೆರೆಗಳು ಒಂದು ಗಂಟೆ ಮೀರಿದರೆ, ಅಥವಾ ಕೈಯಲ್ಲಿ ಶಕ್ತಿ ಹೋದರೆ, ಕಾಯದೆ ಆಸ್ಪತ್ರೆಗೆ ಹೋಗಿ.

ತಲೆನೋವಿನ ಮಾತ್ರೆಯನ್ನು ನಿಲ್ಲಿಸಲೇಬೇಕು, ಆದರೆ ವೈದ್ಯರ ನೆರವಿನಿಂದ. ನಿಲ್ಲಿಸಿದ ಮೊದಲ ಕೆಲವು ದಿನ, ಕೆಲವರಿಗೆ ವಾರಕ್ಕೂ ಮೀರಿ, ನೋವು ಮೊದಲಿಗಿಂತ ಹೆಚ್ಚಾಗುತ್ತದೆ. ವಾಕರಿಕೆ, ನಿದ್ದೆಗೇಡು, ಸಿಡುಕು ಎಲ್ಲವೂ ಇರುತ್ತವೆ. ಅಷ್ಟು ದಿನ ದಾಟಿಸಲು ವೈದ್ಯರು ಬೇರೆ ಔಷಧಿ ಕೊಡುತ್ತಾರೆ, ಮೈಗ್ರೇನ್ ಬಾರದಂತೆ ತಡೆಯುವ ಔಷಧಿಯನ್ನೂ ಜೊತೆಗೇ ಆರಂಭಿಸುತ್ತಾರೆ. ದಸರಾ ರಜೆಯ ಹೊತ್ತಿಗೆ ಇಟ್ಟುಕೊಂಡರೆ ಶಾಲೆಯ ಒತ್ತಡ ಇರುವುದಿಲ್ಲ. ಮನೆಯವರಿಗೂ ಮೊದಲೇ ಹೇಳಿ, ಆ ವಾರ ಅಡುಗೆಮನೆ ಅವರ ಪಾಲಿಗಿರಲಿ. ಕಾಫಿಯನ್ನು ಅದೇ ದಿನ ಥಟ್ಟನೆ ಬಿಡಬೇಡಿ. ಮಾತ್ರೆಯ ಕೆಫೀನ್ ಹೋಗುವಾಗ ಕಾಫಿಯೂ ಹೋದರೆ ಅದರದ್ದೇ ಒಂದು ತಲೆನೋವು ಒಂದು ದಿನದೊಳಗೆ ಹುಟ್ಟಿಕೊಳ್ಳುತ್ತದೆ. ಬೆಳಗ್ಗೆ ಒಂದು, ಸಂಜೆ ಅರ್ಧ ಲೋಟಕ್ಕೆ ಇಳಿಸಿ, ಆಮೇಲೆ ಸಂಜೆಯದನ್ನು ಬಿಡಿ.

ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುತ್ತಿರುವ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ತಲೆನೋವೂ ಸೇರಿದೆ. ಹೋಗುವಾಗ ಸುತ್ತು ಹಾಕಿದ ಕ್ಯಾಲೆಂಡರ್, ಎರಡೂ ಮಾತ್ರೆಗಳ ಖಾಲಿ ಶೀಟುಗಳು, ಹಳೆಯ ಎಕ್ಸ್‌ರೇ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಹಲಗೆಯ ಮೇಲಿನ ಅಂಕುಡೊಂಕು ಗೆರೆಯನ್ನು ಒಂದು ಹಾಳೆಯಲ್ಲಿ ಬಿಡಿಸಿಕೊಂಡು ಹೋಗಿ, ಬಾಯಲ್ಲಿ ಹೇಳುವುದಕ್ಕಿಂತ ಅದನ್ನು ನೋಡಿದರೆ ವೈದ್ಯರಿಗೆ ಬೇಗ ತಿಳಿಯುತ್ತದೆ. ಸ್ತ್ರೀರೋಗ ತಜ್ಞರು ಏನು ಹೇಳಿದರು ಎಂದು ನಾಳೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.